ಸುಲಭ ಎಂದು ಬರೆದವರು

ಕಾಗವಾಡದ ಚಹಾದಂಗಡಿಯಲ್ಲಿ ನನ್ನ ಪಕ್ಕದ ಹಿರಿಯರೊಬ್ಬರು ಪತ್ರಿಕೆಯ ಸುಡೊಕು ಮುಂದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಲಕ್ವಾ ಹೊಡೆದು ಈಗಷ್ಟೇ ಎದ್ದವರು. ತಲೆಗೆ ಕೆಲಸ ಕೊಡಲು ಮಿರಜದ ಡಾಕ್ಟರು ಇದನ್ನು ಹೇಳಿದ್ದರಂತೆ.

“ಮ್ಯಾಲೆ ‘ಸುಲಭ’ ಅಂತ ಬರದಾರ್ರಿ. ಮುಂಜಾನಿಂದ ಅರ್ಧಕ್ಕ ನಿಂತೀನಿ. ನನ್ನ ತಲಿ ಮುಗೀತು. ಕಿರಾಣಿ ಅಂಗಡಿ ಇನ್ನ ಮಗನ ಕೈಗೆ ಕೊಟ್ಟಬಿಡ್ತೀನಿ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸುಲಭ ಎನ್ನಲು ಆ ಪತ್ರಿಕೆಯವನ್ಯಾರು? ಇವರ ಬಾಜೂ ಕೂತು ಬಿಡಿಸಿದ್ದನೇನು?

ಗಡಿಯ ಊರು, ಅಂಗಡಿಗೆ ಕನ್ನಡ, ಮರಾಠಿ ಎರಡೂ ಭಾಷೆಯ ಪತ್ರಿಕೆಗಳು ಬರುತ್ತವೆ. ಮರಾಠಿಯದನ್ನು ತೆರೆದೆ. ಎರಡೂ ಪತ್ರಿಕೆಯವರು ಒಂದೇ ಕಡೆಯಿಂದ ತರಿಸುತ್ತಿರಬೇಕು, ಅಲ್ಲೂ ಅದೇ ಸುಡೊಕು ಇತ್ತು. ಆದರೆ ಮೇಲೆ ‘ಕಠೀಣ’ ಎಂದು ಬರೆದಿತ್ತು.

“ನೋಡ್ರಿ ಕಾಕಾ, ಗಡಿ ದಾಟಿದ್ರ ಇದ ಕಠಿಣ ಆಗತೈತಿ.”

ಅವರು ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ಮುಖ ಅರಳಿತು.

“ಹಂಗಾರ ಕಠಿಣದ್ದ ಅರ್ಧ ಬಿಡಿಸೀನಿ ಅನ್ರಿ. ಅಂಗಡ್ಯಾಗ ಮಗ ಇನ್ನೊಂದಿಷ್ಟು ದಿನ ಪೊಟ್ಟಣಾನ ಕಟ್ಟಲಿ.”

ಇಷ್ಟು ವರ್ಷ ಈ ಗಡಿಯಲ್ಲಿ ಕನ್ನಡಕ್ಕಾಗಿ ಗಂಟಲು ಹರಿದುಕೊಂಡವನು ನಾನು. ಅವತ್ತು ಮರಾಠಿ ಪತ್ರಿಕೆಯನ್ನೇ ಅವರ ಕೈಗಿಟ್ಟು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಎದ್ದು ಬಂದೆ.