ಅಮೆರಿಕಾ ಮುನ್ಶಿ ತಿಪ್ಪಣ್ಣ

೧೯೫೬ ನವೆಂಬರ್ ೧೧, ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕೂತೆ.

ಮುನ್ಶಿ ತಿಪ್ಪಣ್ಣನವರು ರೇಡಿಯೊವನ್ನು ಎದ್ದು ನಿಂತು, ಟೊಪ್ಪಿಗೆ ತೆಗೆದು ಕೇಳುತ್ತಿದ್ದರು. ನಡುನಡುವೆ ಅದಕ್ಕೆ “ಜೀ ಹುಜೂರ್” ಎಂದು ಉತ್ತರವನ್ನೂ ಕೊಡುತ್ತಿದ್ದರು. ಸುರಪುರದ ನಮ್ಮ ಓಣಿಯ ಹೋಟೆಲಿನಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಆದ್ದರಿಂದ ಅವರ ಇಂಗ್ಲಿಷಿನಲ್ಲಿ ಒಂದೂ ತಪ್ಪಿರಲಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅವರ ಉರ್ದು ಬರವಣಿಗೆಗೆ ಗಿರಾಕಿಗಳು ಕಡಿಮೆಯಾದರು. ಕಚೇರಿಗೆ ಬಂದ ಹೊಸ ಸಾಹೇಬರಿಗೆ ಕನ್ನಡ ಬಾರದು, ಇಂಗ್ಲಿಷ್ ಬಲ್ಲ ದುಭಾಷಿ ಬೇಕಾಗಿತ್ತು. ಆ ಕೆಲಸ ಸಿಗದಿದ್ದರೆ ಮುನ್ಶಿಗಳ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ತಮ್ಮ ಇಂಗ್ಲಿಷ್ ಊರಿಗೆಲ್ಲ ಗೊತ್ತಾಗಲೆಂದು, ಅರ್ಜಿಯ ಬದಲು ಅವರು ರೇಡಿಯೊದ ಅಮೆರಿಕಾ ಸುದ್ದಿಯನ್ನು ಹಿಡಿದುಕೊಂಡರು.

೧೯೪೯ರ ಜನವರಿಯಲ್ಲಿ ಅಲ್ಲಿಯ ಅಧ್ಯಕ್ಷರು ವರ್ಷಕ್ಕೊಮ್ಮೆಯ ‘ಸ್ಟೇಟ್ ಆಫ್ ದ ಯೂನಿಯನ್’ ಭಾಷಣ ಮಾಡಿದರು. ದೇಶದ ಸ್ಥಿತಿಗತಿ ಎಂದು ಅದರ ಅರ್ಥ. ನಮ್ಮ ಕಡೆ ಆಗ ಸ್ಟೇಟ್ ಎಂದರೆ ಹಳೆಯ ಸಂಸ್ಥಾನ, ಯೂನಿಯನ್ ಎಂದರೆ ಭಾರತ. ಮುನ್ಶಿಗಳು ಟೊಪ್ಪಿಗೆ ಹಾಕಿಕೊಂಡು ಸಾರಿದರು: “ನಮ್ಮ ಸ್ಟೇಟು ಯೂನಿಯನ್ನಿಗೆ ಸೇರಿದ್ದಕ್ಕ ಅಮೆರಿಕಾದ ದೊರಿ ಭಾಷಣ ಮಾಡ್ಯಾನ!”

“ನಮ್ಮ ಕಕ್ಕೇರಾ ಹೆಸರ ತಗೊಂಡನೇನ್ರಿ?” ಎಂದ, ಆ ಊರಿನಿಂದ ಕುರಿ ಮಾರಲು ಬಂದವನೊಬ್ಬ.

“ತಗೋಳಾಂವ ಇದ್ದ. ಅಷ್ಟರಾಗ ಟೈಮ್ ಆತು.”

ಅದೇ ತಿಂಗಳು ಅಧ್ಯಕ್ಷರ ಪ್ರಮಾಣವಚನ ಮೊದಲ ಬಾರಿಗೆ ಟೆಲಿವಿಷನ್ನಿನಲ್ಲಿ ಕಂಡಿತು. “ದೊರಿ ಅಲ್ಲಿ ಕೈ ಎತ್ತಿದ್ರ ಮಂದಿಗೆ ಮನ್ಯಾಗ ಕುಂತಲ್ಲೇ ಕಾಣಿಸ್ತಂತ” ಎಂದರು. ನನ್ನ ಲೆಕ್ಕದಲ್ಲಿ ಇಡೀ ವರ್ಷ ಅವರು ಹೇಳಿದ ನಿಜ ಅದೊಂದೇ. “ಭಾಳ ಬಿಡಬ್ಯಾಡ್ರಿ ಮುನ್ಶಿ!” ಎಂದು ಹೋಟೆಲಿಗೆ ಹೋಟೆಲೇ ನಕ್ಕಿತು. ಸೆಪ್ಟೆಂಬರಿನಲ್ಲಿ ರಷ್ಯಾದವರೂ ಅಣುಬಾಂಬ್ ಸಿಡಿಸಿದ್ದಾರೆಂದು ಅಮೆರಿಕಾ ಪ್ರಕಟಿಸಿತು. ಅದು ಎರಡೂ ದೇಶದವರು ಕೂಡಿ ಹಾರಿಸಿದ ಪಟಾಕಿ ಎಂದು ಮುನ್ಶಿಗಳು ವಿವರಿಸಿದರು, ಎಲ್ಲರೂ ನಂಬಿದರು.

ಈ ಕೀರ್ತಿ ಸಾಹೇಬರ ಕಿವಿಗೂ ಬಿತ್ತು. ಕೃಷ್ಣೆಯ ಅಂಬಿಗರು ಅಹವಾಲು ತಂದ ದಿನ ಮುನ್ಶಿಗಳಿಗೆ ಪರೀಕ್ಷೆ.

“ವಾಟ್ ಈಸ್ ದ ಸ್ಟೇಟ್ ಆಫ್ ದ ಬೋಟ್ಸ್?” ಎಂದರು ಸಾಹೇಬರು. ದೋಣಿಗಳ ಸ್ಥಿತಿ ಹೇಗಿದೆ ಎಂಬುದು ಪ್ರಶ್ನೆ.

ಮುನ್ಶಿಗಳು ಅಂಬಿಗರತ್ತ ತಿರುಗಿದರು. “ನಿಮ್ಮ ದೋಣಿ ಯಾವ ಸ್ಟೇಟಿನವು ಅಂತ ಕೇಳಾಕತ್ತಾರ.”

“ಹೊಳ್ಯಾಗ ಎಲ್ಲಿ ಸ್ಟೇಟ್ರಿ ಯಪ್ಪಾ! ಯಾ ಸ್ಟೇಟಿನವೂ ಅಲ್ಲ.”

“ನೋ ಸ್ಟೇಟ್, ಸರ್. ಆಲ್ ಬೋಟ್ಸ್ ನೋ ಸ್ಟೇಟ್.”

ದೋಣಿಗಳಿಗೆ ಗತಿಯೇ ಇಲ್ಲವೆಂದು ತಿಳಿದ ಸಾಹೇಬರು ಮರುಗಿ, ಹೊಸ ಹಲಗೆಗಳನ್ನು ಮಂಜೂರು ಮಾಡಿದರು. ಅಂಬಿಗರು ಕೇಳಲು ಬಂದದ್ದೂ ಅದನ್ನೇ. ಮುನ್ಶಿಗಳ ಕೆಲಸ ಖಾಯಂ ಆಯಿತು.

ಅಲ್ಲಿಂದ ಏಳು ವರ್ಷ, ಯಾರಿಗೂ ಏನೂ ಅರ್ಥವಾಗದಂತೆ ಅವರು ನೋಡಿಕೊಂಡಿದ್ದರಿಂದ ಆಡಳಿತ ಸುಸೂತ್ರವಾಗಿ ನಡೆಯಿತು. ಈ ತಿಂಗಳ ಒಂದರಿಂದ ನಾವು ಮೈಸೂರು ರಾಜ್ಯ. ಈಗಿನ ಸಾಹೇಬರು ಕನ್ನಡದವರು. ಮೊನ್ನೆ ಯಾದಗಿರಿ ಸ್ಟೇಷನ್ನಿನಲ್ಲಿ ಮುನ್ಶಿಗಳು ಟ್ರಂಕಿನ ಮೇಲೆ ಕುಳಿತಿದ್ದರು. ಮಗಳ ಊರಿಗೆ ಹೊರಟಿದ್ದರಂತೆ. ಯಾಕೆಂದು ಕೇಳಿದೆ.

“ಸಾಹೇಬ್ರು ಅಂದದ್ದು ಮಂದಿಗೆ ತಿಳ್ಯಾಕತ್ತೈತಪಾ. ಮಂದಿ ಅಂದದ್ದು ಸಾಹೇಬ್ರಿಗೂ ತಿಳ್ಯಾಕತ್ತೈತಿ. ಇನ್ನ ನಾ ನಡಕ ನಿಂತು ಏನ್ ಮಾಡ್ಲಿ?”

ಅಷ್ಟರಲ್ಲಿ ರೈಲು ಬಂತು. ಮಗಳ ಊರು ಯಾವುದೆಂದು ಕೇಳುವುದು ಉಳಿಯಿತು. ಅವರೆಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಬೇಗ ಬರೆದು ತಿಳಿಸಿ. ಇಲ್ಲಿ ಎಲ್ಲರಿಗೂ ಎಲ್ಲವೂ ತಿಳಿಯುತ್ತಿದೆ. ಒಬ್ಬರ ಕೆಲಸವೂ ಆಗುತ್ತಿಲ್ಲ.