ಕತ್ತರಿಯಕ್ಕ ಮೊದಲ ಸಾಲಿಗೆ ಹೋದದ್ದು

ಚರ್ಚಿನ ಸಭೆಯವರೆಲ್ಲ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು, ಅದಕ್ಕೇ ಆ ಹೆಸರು ಎಂದು ಎದುರಿಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುತ್ತಿದ್ದ ಕಾರಣವೇ ಬೇರೆ. ಅವಳ ಬಾಯಿಗೆ ಒಮ್ಮೆ ಸಿಕ್ಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಯೂ ಇತ್ತು.

ಲೂಥರನ್ ಸಭೆಯ ಆ ಸಣ್ಣ ದೇವಾಲಯದಲ್ಲಿ ಬಲಿಪೀಠದ ಬಟ್ಟೆಗಳ ಜವಾಬ್ದಾರಿ ಅವಳದು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲಕ್ಕೂ ಈಸ್ಟರಿಗೆ ಮುಂಚಿನ ಶ್ರಮಕಾಲಕ್ಕೂ ನೇರಳೆ, ಕ್ರಿಸ್ಮಸ್ಸಿಗೂ ಈಸ್ಟರಿಗೂ ಬಿಳಿ, ಈಸ್ಟರಿನಿಂದ ಐವತ್ತನೆಯ ದಿನದ ಪಂಚಾಶತ್ತಮ ಹಬ್ಬಕ್ಕೆ ಕೆಂಪು, ಉಳಿದ ಸಾದಾ ತಿಂಗಳುಗಳಿಗೆಲ್ಲ ಹಸಿರು. ಎಷ್ಟೋ ಪಾದ್ರಿಗಳು ಬಂದು ಹೋದರು, ಬಟ್ಟೆ ಬದಲಾಯಿಸುವ ಕೈ ಮಾತ್ರ ಬದಲಾಗಲಿಲ್ಲ. ಶನಿವಾರ ಸಂಜೆ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಬಟ್ಟೆಯನ್ನು ಮಡಿಸದೆ ತೋಳಿನ ಮೇಲೆ ಹಾಕಿಕೊಂಡು ಬೀದಿಯುದ್ದಕ್ಕೂ ನಡೆದು ಬರುತ್ತಿದ್ದಳು. ಶ್ರಮಕಾಲದಲ್ಲಿ ಪೀಠದ ಮೇಲೆ ಹೂವಿಡಬಾರದು ಎಂಬ ಪದ್ಧತಿ ಮರೆತು ಯಾರಾದರೂ ಇಟ್ಟರೆ, ಹೂದಾನಿ ಸಮೇತ ಎತ್ತಿ ಇಟ್ಟವರ ಕೈಗೇ ಕೊಡುತ್ತಿದ್ದಳು. "ಈಸ್ಟರ್ ಬರ್ಲಿ. ಅಲ್ಲೀವರೆಗೂ ನಿಮ್ಮನೇಲೇ ಅರಳ್ಲಿ" ಎನ್ನುತ್ತಿದ್ದಳು.

ಅವಳಿಗೆ ಇದ್ದವನು ಒಬ್ಬನೇ ತಮ್ಮ. ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುತ್ತಿದ್ದ, ಭಾನುವಾರ ಗಾಯನ ಮೇಳದಲ್ಲಿ ಎಲ್ಲರಿಗಿಂತ ಕೆಳಗಿನ ದನಿಯಲ್ಲಿ ಹಾಡುತ್ತಿದ್ದ. ಅವನಿಗೆ ಕ್ಷಯ ಹಿಡಿಯಿತು. ಊರಾಚೆಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಶ್ರಮಕಾಲದ ನಡುವೆ ಮನೆಗೆ ಬಂದ. ಪೂರ್ತಿ ವಾಸಿಯಾಗಿದೆ, ಇನ್ನು ಇವನಿಂದ ಯಾರಿಗೂ ಏನೂ ತಗಲುವುದಿಲ್ಲ ಎಂದು ಡಾಕ್ಟರೇ ಹೇಳಿ ಕಳಿಸಿದ್ದರು. ಅವನು ದೇವಾಲಯಕ್ಕೆ ಬಂದ ಮೊದಲ ಭಾನುವಾರ ಎಲ್ಲರೂ ದೂರದಿಂದಲೇ ಮುಗುಳ್ನಕ್ಕರು. ಅವನು ಕೂತ ಬೆಂಚಿನಲ್ಲಿ ಮಾತ್ರ ಅಕ್ಕನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಪವಿತ್ರ ಗುರುವಾರ ಹತ್ತಿರ ಬಂತು. ಆ ಸಂಜೆ ಕರ್ತನ ಭೋಜನ. ಪೀಠದ ಮುಂದಿನ ಕಟಕಟೆಗೆ ಒಂದೊಂದೇ ಸಾಲು ಹೋಗಿ ಮೊಣಕಾಲೂರಬೇಕು. ಪಾದ್ರಿಗಳು ರೊಟ್ಟಿ ಕೊಟ್ಟು, ಆಮೇಲೆ ದ್ರಾಕ್ಷಾರಸದ ಒಂದೇ ಬೆಳ್ಳಿಯ ಪಾತ್ರೆಯನ್ನು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಒಯ್ಯುತ್ತಾರೆ, ನಡುವೆ ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತಾರೆ, ಅಷ್ಟೆ. ಎಲ್ಲರದೂ ಮುಗಿದ ಮೇಲೆ ಕತ್ತರಿಯಕ್ಕ ಪೀಠದ ಬಟ್ಟೆಯನ್ನೆಲ್ಲ ತೆಗೆಯುತ್ತಾಳೆ. ಯೇಸುವಿನ ಮರಣದ ದಿನವಾದ ಶುಕ್ರವಾರಕ್ಕೆ ಪೀಠ ಬೋಳಾಗಿರಬೇಕು.

ಅದರ ಹಿಂದಿನ ದಿನ ಸಭೆಯ ಹಿರಿಯರೊಬ್ಬರು ಪಾದ್ರಿಗಳನ್ನು ಜೊತೆಗೆ ಕರೆದುಕೊಂಡು ಅವಳ ಅಂಗಡಿಗೆ ಬಂದರು. ಹಿರಿಯರದು ಮುಖ್ಯ ಬೀದಿಯಲ್ಲಿ ಔಷಧಿ ಅಂಗಡಿ. ಅವರು ಸ್ಟೂಲಿನ ಮೇಲೆ ಕೂತರು. ಪಾದ್ರಿಗಳು ಹೊಸಬರು, ಮೆತ್ತಗಿನ ಮನುಷ್ಯ, ಬಾಗಿಲ ಬಳಿಯೇ ನಿಂತರು.

"ಅಕ್ಕಾ, ನಾಳೆ ತಮ್ಮನೂ ಬರ್ತಾನಲ್ಲ?" ಎಂದರು ಔಷಧಿ ಅಂಗಡಿಯವರು.

"ಬರ್ದೆ ಏನು?"

"ಬರ್ಲಿ, ಬರ್ಲಿ. ಎಲ್ಲರದೂ ಆದ್ಮೇಲೆ ಕೊನೇಲಿ ಬರ್ಲಿ ಅಂತ. ಒಂದೇ ಪಾತ್ರೆ ನೋಡಿ. ಜನ ಹೆದರ್ತಾರೆ."

ಅವಳು ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. "ಅವನ ಮಾತ್ರೆ ಕೊಟ್ಟೋರು ನೀವೇ. ಡಾಕ್ಟರ್ ಚೀಟಿ ಓದ್ದೋರೂ ನೀವೇ. ಅವನಿಗೆ ಈಗ ಕಾಯಿಲೆ ಇದ್ಯಾ?"

"ಇಲ್ಲ ಅಂತ ನಂಗೆ ಗೊತ್ತು. ಜನಕ್ಕೆ ಗೊತ್ತಾಗ್ಬೇಕಲ್ಲ."

"ನೀವು ಬಾಯಿ ಬಿಟ್ರೆ ಗೊತ್ತಾಗುತ್ತೆ."

ಹಿರಿಯರಿಗೆ ತಮ್ಮ ಅಂಗಡಿಗೆ ಬರುವ ಗಿರಾಕಿಗಳ ಚಿಂತೆ. ಆಗ ಪಾದ್ರಿಗಳು ಮೆಲ್ಲಗೆ ಹೇಳಿದರು. "ಕೊನೇಲಿ ಪಾತ್ರೇಲಿ ಉಳಿದದ್ದನ್ನ ಕುಡಿಯೋನು ನಾನೇ ಅಮ್ಮ. ನಿಮ್ಮ ತಮ್ಮ ಆದ್ಮೇಲೆ ನಾನು ಕುಡೀತೀನಿ. ನಂಗೇನೂ ಭಯ ಇಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅದಕ್ಕೇ ಅವಳ ಮೈಯೆಲ್ಲ ಉರಿದುಹೋಯಿತು. "ಅದು ನಿಮ್ಮ ಕೆಲಸ ಅಯ್ಯನವರೇ. ನೀವೊಬ್ರೇ ಕುಡಿಯೋ ಹಾಗಿದ್ರೆ ಅವನು ಸಭೆಗೆ ಬಂದಹಾಗೆ ಹೇಗಾಯ್ತು? ನಿಮ್ಮನೆಗೆ ಬಂದಹಾಗಾಯ್ತು."

ಸಂಜೆ ಮನೆಯಲ್ಲಿ ತಮ್ಮನೂ ಅದೇ ರಾಗ ತೆಗೆದ. "ಕೊನೇಲೇ ಹೋಗ್ತೀನಿ ಬಿಡಕ್ಕಾ. ಸುಮ್ನೆ ಯಾಕೆ ರಂಪ."

"ನಾಳೆ ಕೊನೇಲಿ ಬಾ ಅಂತಾರೆ. ನಾಡಿದ್ದು ಬಾಗಿಲ ಹತ್ರ ಒಂದು ಕುರ್ಚಿ ಹಾಕ್ತಾರೆ. ಆಮೇಲೆ, ಪ್ರಾರ್ಥನೆ ಮನೇಲೂ ಮಾಡಬಹುದಲ್ಲ ಅಂತಾರೆ. ಬಾಯಿ ಮುಚ್ಕೊಂಡು ಅಂಗಿ ತೆಗೆದುಕೊಡು, ಇಸ್ತ್ರಿ ಮಾಡ್ತೀನಿ."

ಹಾಗೆ ಗದರಿಸಿದಳೇ ಹೊರತು ಅವಳಿಗೂ ಪುಕುಪುಕು ಎನ್ನುತ್ತಿತ್ತು. ತನ್ನ ಮಾನದ ಯೋಚನೆ ಅವಳಿಗಿರಲಿಲ್ಲ. ಎಲ್ಲರೆದುರು ಇವನಿಗೆ ಅವಮಾನವಾದರೆ ಇವನು ಮತ್ತೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಗುರುವಾರ ದೇವಾಲಯ ತುಂಬಿತ್ತು. ಪಾದ್ರಿಗಳು ಭೋಜನಕ್ಕೆ ಕರೆದರು. ಮೊದಲು ಏಳುವುದು ಹಿರಿಯರ ಸಾಲು, ಅದು ಯಾವತ್ತಿನ ರೂಢಿ. ಔಷಧಿ ಅಂಗಡಿಯವರು ಕನ್ನಡಕ ತೆಗೆದು ಜೇಬಿಗಿಡುವಷ್ಟರಲ್ಲಿ ಕತ್ತರಿಯಕ್ಕ ತಮ್ಮನ ಮಣಿಕಟ್ಟು ಹಿಡಿದು ನಡುದಾರಿಯಲ್ಲಿ ನಡೆದುಬಿಟ್ಟಳು. ಕಟಕಟೆಯ ಆರಂಭದಲ್ಲೇ ಅವನನ್ನು ಕೂರಿಸಿ, ಪಕ್ಕದಲ್ಲಿ ತಾನು ಮೊಣಕಾಲೂರಿದಳು. ಅವರ ಆಚೆಗೆ ಕಟಕಟೆ ಪೂರ್ತಿ ಖಾಲಿ.

ಪಾದ್ರಿಗಳು ರೊಟ್ಟಿ ಕೊಟ್ಟರು. ಪಾತ್ರೆ ತಂದರು. ತಮ್ಮ ಕುಡಿದ. ಅಂಚು ಒರೆಸಲು ಪಾದ್ರಿಗಳು ಬಟ್ಟೆ ಎತ್ತುವ ಮೊದಲೇ ಅವಳು ಪಾತ್ರೆಗೆ ಬಾಯಿ ಹಚ್ಚಿ ದೊಡ್ಡ ಗುಟುಕು ಎಳೆದಳು. ಹಿಂದಿನ ಬೆಂಚಿನವರಿಗೂ ಕಾಣಿಸಲಿ ಎಂದೇ ಹಾಗೆ ಮಾಡಿದಳು.

ಯಾರೂ ಏಳಲಿಲ್ಲ. ಹಾರ್ಮೋನಿಯಮ್ಮಿನವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಹಿಡಿದರು, ಅದೂ ಮುಗಿಯಿತು. ತಮ್ಮ ಏಳಲು ನೋಡಿದ. ಅವಳು ಮಣಿಕಟ್ಟು ಬಿಡಲಿಲ್ಲ. ಸಾಲಿಗೆ ಕೈಯೆತ್ತಿ 'ಸಮಾಧಾನದಿಂದ ಹೋಗಿರಿ' ಎಂದು ಪಾದ್ರಿಗಳು ಹೇಳಿದರೆ ಮಾತ್ರ ಏಳಬಹುದು. ಅವರ ಕೈ ಅರ್ಧಕ್ಕೆ ಬಂದಿತ್ತು.

"ಸಾಲು ಇನ್ನೂ ತುಂಬಿಲ್ಲ ಅಯ್ಯನವರೇ" ಎಂದಳು ಮೆಲ್ಲಗೆ.

ಪಾದ್ರಿಗಳು ಅವಳನ್ನು ನೋಡಿದರು, ಸಭೆಯನ್ನು ನೋಡಿದರು, ಕೈ ಇಳಿಸಿದರು. ಪೀಠದ ಬಟ್ಟೆ ತೆಗೆಯುವವರೆಗೂ ಆರಾಧನೆ ಮುಗಿಯುವುದಿಲ್ಲ, ತೆಗೆಯಬೇಕಾದವಳು ಮೊಣಕಾಲೂರಿ ಕೂತಿದ್ದಳು. ಒಂದಿಬ್ಬರು ಪಕ್ಕದ ಬಾಗಿಲಿನಿಂದ ಜಾರಿಕೊಂಡದ್ದು ಅವಳಿಗೆ ಕೇಳಿಸಿತು. ಹೋಗುವವರು ಹೋಗಲಿ ಎಂದುಕೊಂಡಳು.

"ಯಾಕೆ ಯಾರೂ ಏಳ್ತಿಲ್ಲ? ನನ್ನ ಕಾಲು ಜೋಮು ಹಿಡೀತು" ಎಂದು ದೊಡ್ಡದಾಗಿ ಗೊಣಗಿದವಳು ಕಿವಿ ಮಂದದ ಒಬ್ಬ ಅಜ್ಜಿ. ಕೋಲೂರಿಕೊಂಡು ಬಂದು ಕತ್ತರಿಯಕ್ಕನ ಪಕ್ಕದಲ್ಲಿ ಉಸ್ಸೆಂದು ಕೂತಳು, ಕುಡಿದಳು. ಅವಳ ಹಿಂದೆ ಅಚ್ಚುಕೂಟದ ಒಬ್ಬ ಜೊತೆಗಾರ ಬಂದ. ಆಮೇಲೆ ಔಷಧಿ ಅಂಗಡಿಯವರ ಹೆಂಡತಿ ಎದ್ದು, ಗಂಡ ಸೆರಗು ಹಿಡಿದದ್ದನ್ನು ಬಿಡಿಸಿಕೊಂಡು ಬಂದರು. ಹೆಂಡತಿ ಹೋದ ಮೇಲೆ ಹಿರಿಯರು ಕೂತಿರುವುದು ಹೇಗೆ? ಅವರೂ ಬಂದು ತೀರಾ ಕೊನೆಯಲ್ಲಿ ಮೊಣಕಾಲೂರಿದರು.

ಪಾತ್ರೆ ಅವರ ಬಳಿ ಬಂದಾಗ ಕತ್ತರಿಯಕ್ಕ ಓರೆಗಣ್ಣಿನಿಂದ ನೋಡಿದಳು. ಹಿರಿಯರು ತುಟಿ ಬಿಗಿಹಿಡಿದು, ಮೀಸೆಗೆ ದ್ರಾಕ್ಷಾರಸ ತಾಗಿಸಿಕೊಂಡು, ಆಯಿತು ಎನ್ನುವಂತೆ ತಲೆಯಾಡಿಸಿದರು. ಅವಳು ಬೈಯಲು ಬಾಯಿ ತೆರೆಯುವುದರಲ್ಲಿದ್ದಳು.

ಪಾದ್ರಿಗಳು ಪಾತ್ರೆಯನ್ನು ಹಿಂದಕ್ಕೆ ತೆಗೆಯಲೇ ಇಲ್ಲ.

"ನೀವಿನ್ನೂ ಕುಡಿದಿಲ್ಲ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. ಪಾತ್ರೆ ಹಿರಿಯರ ತುಟಿಯ ಮೇಲೆಯೇ ಇತ್ತು. ಇಡೀ ಸಭೆ ಕತ್ತು ಚಾಚಿ ನೋಡುತ್ತಿತ್ತು. ಕೊನೆಗೆ ಹಿರಿಯರು ಕಣ್ಣು ಮುಚ್ಚಿಕೊಂಡು ಬಾಯಿ ಬಿಟ್ಟರು. ಗಂಟಲಿನಲ್ಲಿ ಗುಟುಕು ಇಳಿದ ಸದ್ದು ಕಟಕಟೆಯ ಆ ತುದಿಯಿಂದ ಈ ತುದಿಗೆ ಕೇಳಿಸಿತು.

ಪಾದ್ರಿಗಳು ಆಗ ಕೈಯೆತ್ತಿದರು. "ಸಮಾಧಾನದಿಂದ ಹೋಗಿರಿ."

ತಮ್ಮ ಅಕ್ಕನ ಹಿಡಿತದಿಂದ ಮಣಿಕಟ್ಟು ಬಿಡಿಸಿಕೊಂಡು, ಅಜ್ಜಿಗೆ ಕೈಕೊಟ್ಟು ಎಬ್ಬಿಸಿದ. ಅಜ್ಜಿ ಆ ಕೈ ಹಿಡಿದುಕೊಂಡೇ ಅವನನ್ನು ತನ್ನ ಬೆಂಚಿನವರೆಗೂ ಕರೆದೊಯ್ದಳು.