ಹೊಳಲ್ಕೆರೆ ಬಸ್ಸಿನಲ್ಲಿ ಗಟ್ಟಿ ಬ್ಯಾಟರಿ

ಚಿತ್ರದುರ್ಗದಲ್ಲಿ ಬೆಳಿಗ್ಗೆ ಆರೂವರೆಗೆ ಹಿರಿಯೂರಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ರೊಟ್ಟಿ, ವೋಲ್ಟು ಅಳೆಯುವ ಒಂದು ಮೀಟರು ಮತ್ತು ತಗಡಿನ ಡಬ್ಬಿಯಲ್ಲಿ ಮೂರು ಬ್ಯಾಟರಿಗಳಿದ್ದವು. ಎಪ್ಪತ್ತರ ದಶಕದ ಒಂದು ಏಪ್ರಿಲ್ ಅದು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಸಂಶೋಧನಾ ಸಹಾಯಕಿ. ಟಾರ್ಚಿನ ಸೆಲ್ಲಿನೊಳಗೆ ಒದ್ದೆ ಹಿಟ್ಟಿನಂಥದ್ದು ಇರುತ್ತದೆ, ಹಳೆಯದಾದರೆ ಸೋರುತ್ತದೆ. ನಮ್ಮದರಲ್ಲಿ ಹನಿ ನೀರೂ ಇಲ್ಲ. ಬೆಳ್ಳಿ, ಅಯೋಡಿನ್, ನಡುವೆ ಒತ್ತಿ ಬಿಲ್ಲೆ ಮಾಡಿದ ಉಪ್ಪಿನ ಪುಡಿ, ಸುತ್ತ ಮೇಣ. ಎಲ್ಲ ಸೇರಿ ಎಂಟಾಣೆ ನಾಣ್ಯದಗಲ.

ಮೇಜಿನ ಮೇಲೆ ಅವು ಚೆನ್ನಾಗಿಯೇ ಇದ್ದವು. ನಮ್ಮ ಮುಖ್ಯಸ್ಥರಿಗೆ ಅದು ಸಾಲದು. "ಬಿಸಿಲು, ಕೆಟ್ಟ ರಸ್ತೆ ಎರಡೂ ತೋರಿಸಿಕೊಂಡು ಬನ್ನಿ. ಒಂದಾದರೂ ಬದುಕಿ ಬಂದರೆ ಇನ್ನೊಂದು ವರ್ಷ ಕೆಲಸ ಮಾಡಿ. ಇಲ್ಲವಾದರೆ ನಿಮ್ಮ ಮೇಜು ಬೇರೆಯವರಿಗೆ" ಎಂದಿದ್ದರು. ಎರಡಕ್ಕೂ ನಮ್ಮ ಜಿಲ್ಲೆಯನ್ನು ಮೀರಿಸುವವರಿಲ್ಲವೆಂದು ದುರ್ಗದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಮತ್ತೆ ದುರ್ಗಕ್ಕೆ ಬರುವುದೆಂದು ಗೊತ್ತು ಮಾಡಿಕೊಂಡೆ.

ಹಿರಿಯೂರಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ಒಂದನೆಯದು ಹೋಯಿತು. ಬಿಲ್ಲೆ ನಡುವೆ ಸೀಳಿಹೋಗಿತ್ತು. ಹಿರಿಯೂರಿನಲ್ಲಿ ಮಂಡಕ್ಕಿ ತಿಂದು, ಚಹಾ ಕುಡಿದು, ಹೊಸದುರ್ಗದ ಬಸ್ಸು ಹತ್ತಿದೆ. ಎರಡನೆಯದನ್ನು ಕೊಂದವಳು ನಾನೇ. ಡ್ರೈವರ್ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಅದನ್ನು ಇಂಜಿನ್ನಿನ ಮುಚ್ಚಳದ ಮೇಲಿಟ್ಟೆ. ಮೇಣ ಕರಗಿ ಒಳಗಿನ ಅಯೋಡಿನ್ ಹೊರಬಂತು.

"ಯಾರಿಗ್ರಿ ಗಾಯ ಆಗಿರಾದು? ಟಿಂಚರ್ ವಾಸ್ನೆ ಬರ್ತೈತೆ!" ಎಂದು ಕಂಡಕ್ಟರ್ ಕೂಗಿದ. ಬಸ್ಸಿನವರೆಲ್ಲ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಮೂರನೆಯದು ಇನ್ನೂ ಗಟ್ಟಿಯಾಗಿತ್ತು. ಪಕ್ಕದಲ್ಲಿ ಮಾಡದಕೆರೆಯ ಹೊನ್ನಮ್ಮ ಕುಳಿತರು. ಅರವತ್ತರ ಹೆಂಗಸು, ಮಗಳ ಮೂರನೆಯ ಬಾಣಂತನಕ್ಕೆ ರಾಮಗಿರಿಗೆ ಹೊರಟವರು. ಎರಡು ಮೈಲಿಯೂ ಹೋಗಿರಲಿಲ್ಲ, ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಸಿಟ್ಟಿಗೆ ಬ್ಯಾಟರಿಯನ್ನು ಬೆರಳಲ್ಲಿ ಹಿಸುಕಿದೆ. ಮುಳ್ಳು ಎದ್ದಿತು! ಬಿಟ್ಟರೆ ಬಿತ್ತು, ಒತ್ತಿದರೆ ಎದ್ದಿತು.

ಆಗ ತಿಳಿಯಿತು. ಒದ್ದೆ ಹಿಟ್ಟಾದರೆ ಸಂದಿಗೆಲ್ಲ ತಾನೇ ಹರಿದು ಅಂಟಿಕೊಳ್ಳುತ್ತದೆ. ಇಲ್ಲಿ ಬೆಳ್ಳಿಯೂ ಒಣ, ಉಪ್ಪೂ ಒಣ. ರಸ್ತೆ ಕುಲುಕಿದಂತೆ ಎರಡೂ ಸರಿದು ನಿಂತಿದ್ದವು.

ಅಷ್ಟರಲ್ಲಿ ನನ್ನ ಬೆರಳು ಸೋತವು. ಹೊನ್ನಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದರು.

"ಒತ್ತಿ ಹಿಡಿಬೇಕೇನವ್ವ? ಕೊಡಿಲ್ಲಿ. ನಾಕು ಎಮ್ಮೆ ಕರ್ದ ಕೈ ಇದು."

ತೆಗೆದುಕೊಂಡವರು ಹೊಳಲ್ಕೆರೆಯವರೆಗೂ ಬಿಡಲಿಲ್ಲ. ಮುಳ್ಳು ಮಿಸುಕಲಿಲ್ಲ. ಹಿಂದಿನ ಸೀಟಿನವರು "ಈಗೆಷ್ಟೈತ್ರಿ?" ಎಂದು ಕೇಳುವರು, ನಾನು ಹೇಳುವೆ, ಅವರು ಅದನ್ನು ಹಿಂದಕ್ಕೆ ದಾಟಿಸುವರು. ನಡುವೆ ಹೊನ್ನಮ್ಮನಿಗೆ ಎಲೆಯಡಿಕೆ ಬೇಕಾಯಿತು. "ಸುಣ್ಣ ಹಚ್ಚಿ ಕೊಡವ್ವ, ನನ್ ಕೈ ಬಿಡುವಿಲ್ಲ" ಎಂದರು. ಹಚ್ಚಿ ಕೊಟ್ಟೆ. "ಇಷ್ಟ್ಯಾಕೆ ಬಳ್ದೆ, ಗೋಡೆಗಾ?" ಎಂದು ಬೈದರೂ ಅಗಿದರು. ಆ ದಿನ ನನಗೆ ಅವರ ಮೇಲೆ ಬಂದಷ್ಟು ಅಕ್ಕರೆ ಸ್ವಂತ ಅಜ್ಜಿಯ ಮೇಲೂ ಬಂದಿರಲಿಲ್ಲ.

ರಾಮಗಿರಿಯ ಬಸ್ಸು ಹಿಡಿಯಲು ಹೊಳಲ್ಕೆರೆಯಲ್ಲಿ ಅವರು ಇಳಿದರು. "ಬದುಕೈತೆ, ತಗ" ಎಂದು ನನ್ನ ಬೆರಳಿಗೆ ದಾಟಿಸಿದರು. ದುರ್ಗದವರೆಗೆ ಕೈ ಬದಲಿಸುತ್ತ ನಾನೇ ಒತ್ತಿದೆ, ಹೆಬ್ಬೆರಳು ಜೋಮು ಹಿಡಿಯಿತು. ನಿಲ್ದಾಣದಲ್ಲಿ ಕೊನೆಯ ಅಳತೆ ಬರೆಯುವಾಗ ಒಂದು ದುರಾಸೆಯೂ ಬಂತು. ಒತ್ತಿದ್ದನ್ನು ಬಿಟ್ಟು ವೋಲ್ಟು ಮಾತ್ರ ಬರೆದರೆ ಬ್ಯಾಟರಿ ಗೆದ್ದಂತೆ, ನನ್ನ ಮೇಜೂ ಉಳಿದಂತೆ. ಅತ್ತೆಯ ಮನೆಗೆ ಹೋಗಿ, ಮುದ್ದೆ ಉಂಡು, ಆಮೇಲೆ ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು ಬರೆದೆ: ಹೊಸದುರ್ಗದಿಂದ ಹೊಳಲ್ಕೆರೆ, ಒತ್ತಿ ಹಿಡಿದವರು ಹೊನ್ನಮ್ಮ.

ಬೆಂಗಳೂರಿನಲ್ಲಿ ಮುಖ್ಯಸ್ಥರು ಆ ಸಾಲನ್ನು ಎರಡು ಸಲ ಓದಿದರು. ಬ್ಯಾಟರಿಯನ್ನು ತಾವೂ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ನನ್ನ ಕಥೆ ಮುಗಿಯಿತೆಂದುಕೊಂಡೆ.

"ಎಷ್ಟು ಬಲವಾಗಿ ಒತ್ತಿದ್ದರು ಆಕೆ? ಅದನ್ನೇ ಬರೆದಿಲ್ಲವಲ್ಲ! ಆ ಲೆಕ್ಕ ಸಿಗದೆ ನಾನು ಬೆರಳಿನ ಬದಲು ಹಾಕುವ ಸ್ಕ್ರೂ ಎಷ್ಟು ಬಿಗಿಸಲಿ? ವರ್ಷವಿಡೀ ಇದನ್ನೇ ಮಾಡಿ."

ಮುಂದಿನ ವಾರ ರಾಮಗಿರಿಗೆ ಹೋದೆ. ಬಾಣಂತಿಯ ಮನೆಯೆದುರಿನ ಅಂಗಡಿಯಲ್ಲಿ ಹೊನ್ನಮ್ಮ ತಕ್ಕಡಿಯ ಒಂದು ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಕುಳಿತರು. ಬಸ್ಸಿನಲ್ಲಿ ಒತ್ತಿದಷ್ಟೇ ಒತ್ತಬೇಕೆಂದು ಹೇಳಿದ್ದೆ. ಅಂಗಡಿಯವರು ಇನ್ನೊಂದು ತಟ್ಟೆಗೆ ಒಂದೊಂದೇ ತೂಕದ ಬಟ್ಟು ಇಟ್ಟರು. ಮೂರು ಕಿಲೋಗೆ ಮುಳ್ಳು ನೆಟ್ಟಗೆ ನಿಂತಿತು.

"ಬರ್ಕಳವ್ವ ಬೇಗ, ಕೂಸು ಅಳ್ತೈತೆ" ಎಂದರು ಹೊನ್ನಮ್ಮ.